ಬ್ಲೀಡಿಂಗ್ ಆಯಿತು, ಆದರೆ ಮೊಟ್ಟೆ ಬಿಡುಗಡೆ ಆಯಿತೇ? ಮಗುವಿಗಾಗಿ ಮಾತ್ರೆ ನುಂಗುವವರು ತಿಳಿದಿರಬೇಕಾದ ಸಂಗತಿಗಳು

ಮುಟ್ಟಿನ 2ನೇ ದಿನದಿಂದ 5 ದಿನ ಮೊಟ್ಟೆ ಬೆಳೆಸುವ ಮಾತ್ರೆ ನುಂಗಿ ಆಯಿತು. 12ನೇ ದಿನ ಸ್ಕ್ಯಾನಿಂಗ್‌ಗೆ ಬನ್ನಿ ಅಂದಿದ್ದಾರೆ. ಅಷ್ಟರಲ್ಲಿ ಬಟ್ಟೆಯ ಮೇಲೆ ಕಂದು ಕಲೆ. ಅಥವಾ 20ನೇ ದಿನಕ್ಕೇ ಮುಟ್ಟಿನ ಹಾಗೆ ರಕ್ತ. ಇಲ್ಲವೇ 40 ದಿನ ಕಳೆದರೂ ಏನೂ ಇಲ್ಲ, ಕಿಟ್‌ನಲ್ಲಿ ಎರಡನೇ ಗೆರೆಯೂ ಇಲ್ಲ. ಇದು ಮುಟ್ಟಾ, ಬೇರೇನಾದರೂನಾ? ಮಾತ್ರೆ ಕೆಲಸ ಮಾಡಲಿಲ್ವಾ? ಈ ತಿಂಗಳು ಕೈತಪ್ಪಿತಾ?

ಈ ಪ್ರಶ್ನೆಗಳನ್ನು ಅತ್ತೆಯ ಹತ್ತಿರ ಕೇಳಲು ಆಗುವುದಿಲ್ಲ. ಡಾಕ್ಟರ ಕೊಠಡಿಯಲ್ಲಿ ಕೇಳೋಣ ಅಂದರೆ ಹೊರಗೆ ಇನ್ನೂ 30 ಜನ ಕಾಯುತ್ತಿರುತ್ತಾರೆ. ಗರ್ಭ ನಿಲ್ಲುವುದು ತಡವಾಗುವುದು ಅಪರೂಪವೇನೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಜಗತ್ತಿನಲ್ಲಿ ಸುಮಾರು 6 ಜನರಲ್ಲಿ ಒಬ್ಬರು ಜೀವನದ ಯಾವುದೋ ಹಂತದಲ್ಲಿ ಈ ತೊಂದರೆ ಎದುರಿಸುತ್ತಾರೆ. ಆದ್ದರಿಂದ ಇದನ್ನು ಬುಡದಿಂದಲೇ ನೋಡೋಣ.

ಮೊದಲಿಗೇ ಒಂದು ಮಾತು. ರಕ್ತ ಬರುವುದು ಬೇರೆ, ಮೊಟ್ಟೆ ಬಿಡುಗಡೆ ಆಗುವುದು ಬೇರೆ. ಮೊಟ್ಟೆ ಬಿಡುಗಡೆ ಆಗದೆಯೂ ರಕ್ತ ಬರಬಹುದು. ಮೊಟ್ಟೆ ಬಿಡುಗಡೆ ಆಗಿ, ಗರ್ಭವೂ ನಿಂತ ಮೇಲೂ ರಕ್ತ ಕಾಣಿಸಬಹುದು. ಹೆಚ್ಚಿನ ಗೊಂದಲ ಹುಟ್ಟುವುದು ಇವೆರಡನ್ನೂ ಒಂದೇ ಅಂದುಕೊಂಡಾಗ.

ತಿಂಗಳ ಲೆಕ್ಕ ಹೇಗೆ ನಡೆಯುತ್ತದೆ

ಹೆಂಗಸಿನ ಅಂಡಾಶಯ ಎರಡು. ಅದರೊಳಗೆ ನೀರು ತುಂಬಿದ ಸಣ್ಣ ಸಣ್ಣ ಚೀಲಗಳಿರುತ್ತವೆ. ಇವಕ್ಕೆ ಫಾಲಿಕಲ್ ಅನ್ನುತ್ತಾರೆ. ಪ್ರತಿ ಚೀಲದೊಳಗೆ ಒಂದು ಮೊಟ್ಟೆ, ಅಂದರೆ ಅಂಡಾಣು. ಮುಟ್ಟು ಶುರುವಾದಾಗ ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ಎಫ್‌ಎಸ್‌ಎಚ್ ಎಂಬ ಹಾರ್ಮೋನನ್ನು ಕಳಿಸುತ್ತದೆ. ಅದರ ಬಲದಿಂದ ಕೆಲವು ಚೀಲಗಳು ಬೆಳೆಯಲು ಶುರುವಾಗುತ್ತವೆ. ಕೊನೆಗೆ ಸಾಮಾನ್ಯವಾಗಿ ಒಂದೇ ಮುಂದೆ ಹೋಗುತ್ತದೆ, ಉಳಿದವು ಬಾಡುತ್ತವೆ.

ಬೆಳೆಯುವ ಚೀಲ ಈಸ್ಟ್ರೋಜನ್ ಎಂಬ ಹಾರ್ಮೋನ್ ಬಿಡುತ್ತದೆ. ಅದರಿಂದ ಗರ್ಭಕೋಶದ ಒಳಪದರ ದಪ್ಪವಾಗುತ್ತದೆ. ಚೀಲ ಪೂರ್ತಿ ಬಲಿತಾಗ ಪಿಟ್ಯುಟರಿಯಿಂದ ಎಲ್‌ಎಚ್ ಎಂಬ ಇನ್ನೊಂದು ಹಾರ್ಮೋನ್ ಒಮ್ಮೆಲೇ ಉಕ್ಕಿ ಬರುತ್ತದೆ. ಅದಾಗಿ ಒಂದು, ಒಂದೂವರೆ ದಿನದಲ್ಲಿ ಚೀಲ ಒಡೆದು ಮೊಟ್ಟೆ ಹೊರಬೀಳುತ್ತದೆ. ಇದೇ ಅಂಡೋತ್ಪತ್ತಿ, ಆಸ್ಪತ್ರೆಯ ಮಾತಿನಲ್ಲಿ ಓವ್ಯುಲೇಷನ್. ಹೊರಬಿದ್ದ ಮೊಟ್ಟೆಗೆ ಆಯುಷ್ಯ ಹೆಚ್ಚೆಂದರೆ ಒಂದು ದಿನ. ವೀರ್ಯಾಣು ಮಾತ್ರ ಒಳಗೆ 5 ದಿನದವರೆಗೂ ಬದುಕಿರಬಲ್ಲದು. ಹಾಗಾಗಿ ಮೊಟ್ಟೆ ಬಿಡುಗಡೆಯ ದಿನ ಮತ್ತು ಅದರ ಹಿಂದಿನ ಐದು ದಿನಗಳಷ್ಟೇ ಗರ್ಭ ನಿಲ್ಲುವ ಕಾಲ.

ಮೊಟ್ಟೆ ಕಳಕೊಂಡ ಚೀಲ ಸುಮ್ನೆ ಇರುವುದಿಲ್ಲ. ಅದು ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ತಯಾರಿಸುತ್ತದೆ. ಒಳಪದರವನ್ನು ಹಿಡಿದು ನಿಲ್ಲಿಸುವುದು, ಗರ್ಭಕ್ಕೆ ಹದ ಮಾಡುವುದು ಇದರ ಕೆಲಸ. ಗರ್ಭ ನಿಲ್ಲದಿದ್ದರೆ ಸುಮಾರು 2 ವಾರದಲ್ಲಿ ಪ್ರೊಜೆಸ್ಟರಾನ್ ಇಳಿಯುತ್ತದೆ, ಪದರ ಕಳಚಿ ಮುಟ್ಟು ಬರುತ್ತದೆ. ಹೆಚ್ಚಿನವರಲ್ಲಿ ಮೊಟ್ಟೆ ಬಿಡುಗಡೆಯಿಂದ ಮುಟ್ಟಿನವರೆಗಿನ ಈ ಅವಧಿ ಅಷ್ಟಾಗಿ ಏರುಪೇರಾಗುವುದಿಲ್ಲ. ಮುಟ್ಟು 28 ದಿನಕ್ಕೆ ಬರುವವರಿಗೂ 40 ದಿನಕ್ಕೆ ಬರುವವರಿಗೂ ಇರುವ ವ್ಯತ್ಯಾಸ ಮುಖ್ಯವಾಗಿ ಮೊದಲರ್ಧದಲ್ಲಿ, ಅಂದರೆ ಚೀಲ ಬಲಿಯಲು ಹಿಡಿಯುವ ಸಮಯದಲ್ಲಿ. ಎಲ್ಲರಿಗೂ 14ನೇ ದಿನವೇ ಮೊಟ್ಟೆ ಬಿಡುಗಡೆ ಆಗುತ್ತದೆ ಅನ್ನುವುದು ತಪ್ಪಾಗುವುದು ಇದಕ್ಕೇ.

ಮೊಟ್ಟೆ ಬಿಡದ ತಿಂಗಳಲ್ಲಿ ರಕ್ತ ಎಲ್ಲಿಂದ ಬರುತ್ತದೆ

ಪಿಸಿಒಡಿ ಅಥವಾ ಪಿಸಿಒಎಸ್ ಎಂಬ ಹಾರ್ಮೋನ್ ಏರುಪೇರಿನ ತೊಂದರೆ ಇರುವವರಲ್ಲಿ ಅನೇಕ ಚೀಲಗಳು ಅರ್ಧಂಬರ್ಧ ಬೆಳೆದು ನಿಂತುಬಿಡುತ್ತವೆ. ಯಾವುದೂ ಒಡೆಯುವುದಿಲ್ಲ. ಒಡೆಯದಿದ್ದರೆ ಪ್ರೊಜೆಸ್ಟರಾನ್ ಇಲ್ಲ. ಈಸ್ಟ್ರೋಜನ್ ಮಾತ್ರ ಸಣ್ಣದಾಗಿ ಬರುತ್ತಲೇ ಇರುತ್ತದೆ, ಒಳಪದರ ಬೆಳೆಯುತ್ತಲೇ ಇರುತ್ತದೆ.

ಗೋಡೆಗೆ ಗಾರೆಯ ಮೇಲೆ ಗಾರೆ ಬಳಿಯುತ್ತಾ ಹೋಗಿ, ಒಂದು ದಿನವೂ ನೀರು ಹಾಕಿ ಕ್ಯೂರಿಂಗ್ ಮಾಡದಿದ್ದರೆ ಏನಾಗುತ್ತದೆ? ಇವತ್ತು ಇಲ್ಲೊಂದು ಚಕ್ಕೆ ಉದುರುತ್ತದೆ, ನಾಲ್ಕು ದಿನ ಬಿಟ್ಟು ಅಲ್ಲೊಂದು. ಒಮ್ಮೊಮ್ಮೆ ದೊಡ್ಡ ತುಂಡೇ ಕಳಚಿ ಬೀಳುತ್ತದೆ. ಪ್ರೊಜೆಸ್ಟರಾನ್ ಇಲ್ಲದ ಪದರದ ಕತೆಯೂ ಇದೇ. ಎರಡು ತಿಂಗಳು ಏನೂ ಇಲ್ಲದೆ ಆಮೇಲೆ 15 ದಿನ ಹೋಗುವ ರಕ್ತ, ದಿನ ಬಿಟ್ಟು ದಿನ ಕಾಣುವ ಕಲೆ, ಗಡ್ಡೆ ಗಡ್ಡೆಯಾಗಿ ಬೀಳುವ ಜಾಸ್ತಿ ರಕ್ತ, ಇವೆಲ್ಲ ಹೀಗೆ ಆಗಬಹುದು. ನೋಡಲು ಮುಟ್ಟಿನ ಹಾಗೇ ಇರುತ್ತದೆ. ಆದರೆ ಆ ತಿಂಗಳು ಮೊಟ್ಟೆಯೇ ಬಿಟ್ಟಿರುವುದಿಲ್ಲ.

ಮುಟ್ಟು 21 ದಿನಕ್ಕಿಂತ ಬೇಗ ಅಥವಾ 35 ದಿನಕ್ಕಿಂತ ತಡವಾಗಿ ಬರುತ್ತಿದ್ದರೆ ಮೊಟ್ಟೆ ಸರಿಯಾಗಿ ಬಿಡುಗಡೆ ಆಗುತ್ತಿಲ್ಲ ಎಂಬ ಅನುಮಾನ ಬರಬೇಕು. ಎಲ್ಲದಕ್ಕೂ ಪಿಸಿಒಡಿಯೇ ಕಾರಣವಲ್ಲ. ಥೈರಾಯ್ಡ್ ಏರುಪೇರು, ಪ್ರೊಲ್ಯಾಕ್ಟಿನ್ ಹಾರ್ಮೋನ್ ಹೆಚ್ಚಾಗಿರುವುದು, ತೂಕದಲ್ಲಿ ದೊಡ್ಡ ಏರಿಳಿತ ಇವೂ ಮೊಟ್ಟೆಯನ್ನು ತಡೆಯುತ್ತವೆ. ಗರ್ಭಕೋಶದ ಫೈಬ್ರಾಯ್ಡ್ ಗಡ್ಡೆ, ಒಳಪದರದ ಪಾಲಿಪ್ (ಸಣ್ಣ ದುರ್ಮಾಂಸ) ಇದ್ದರೆ ಮೊಟ್ಟೆ ಸರಿಯಾಗಿ ಬಿಡುಗಡೆ ಆಗುತ್ತಿದ್ದರೂ ನಡುನಡುವೆ ರಕ್ತ ಕಾಣಬಹುದು. ಮಾತ್ರೆ ಬರೆಯುವ ಮುಂಚೆ ಡಾಕ್ಟರು ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸುವುದು ಇದನ್ನೆಲ್ಲ ನೋಡುವುದಕ್ಕೆ.

ಆ ಐದು ದಿನದ ಮಾತ್ರೆ ಏನು ಮಾಡುತ್ತವೆ

ಸಾಮಾನ್ಯವಾಗಿ ಬರೆಯುವುದು ಎರಡು. ಕ್ಲೋಮಿಫೀನ್ 1960ರ ದಶಕದಿಂದ ಬಳಕೆಯಲ್ಲಿದೆ. ಲೆಟ್ರೋಜೋಲ್ ಮೂಲತಃ ಸ್ತನ ಕ್ಯಾನ್ಸರ್‌ಗೆ ಬಂದ ಔಷಧಿ. ದಾರಿ ಬೇರೆ, ಗುರಿ ಒಂದೇ: ಪಿಟ್ಯುಟರಿಯಿಂದ ಎಫ್‌ಎಸ್‌ಎಚ್ ಜಾಸ್ತಿ ಬರುವಂತೆ ಮಾಡುವುದು. ಕ್ಲೋಮಿಫೀನ್ ಮೆದುಳಿಗೆ ಈಸ್ಟ್ರೋಜನ್ ಇರುವುದೇ ಗೊತ್ತಾಗದ ಹಾಗೆ ಅಡ್ಡ ನಿಲ್ಲುತ್ತದೆ. ಲೆಟ್ರೋಜೋಲ್ ಕೆಲವು ದಿನ ಈಸ್ಟ್ರೋಜನ್ ತಯಾರಿಯನ್ನೇ ತಗ್ಗಿಸುತ್ತದೆ. ಎರಡರಲ್ಲೂ ಮೆದುಳು "ಈಸ್ಟ್ರೋಜನ್ ಸಾಲದು, ಚೀಲ ಬೆಳೆಸು" ಎಂದು ಆಜ್ಞೆ ಕೊಡುತ್ತದೆ.

ಇಲ್ಲಿ ಒಂದು ವ್ಯತ್ಯಾಸ ಮುಖ್ಯ. ಕ್ಲೋಮಿಫೀನ್ ಮೈಯಲ್ಲಿ ಹೆಚ್ಚು ದಿನ ಉಳಿಯುತ್ತದೆ, ಗರ್ಭಕೋಶದ ಒಳಪದರದ ಮೇಲೂ ಈಸ್ಟ್ರೋಜನ್ ಕೆಲಸ ತಡೆಯುತ್ತದೆ. ಹಾಗಾಗಿ ಕೆಲವರಲ್ಲಿ ಮೊಟ್ಟೆ ಚೆನ್ನಾಗಿ ಬೆಳೆದರೂ ಪದರ ತೆಳ್ಳಗೇ ಉಳಿಯುತ್ತದೆ, ಮುಟ್ಟು ಮೊದಲಿಗಿಂತ ಕಡಿಮೆ ಹೋಗುತ್ತದೆ. ಲೆಟ್ರೋಜೋಲ್ ಬೇಗ ಮೈ ಬಿಡುತ್ತದೆ.

ಲೆಟ್ರೋಜೋಲ್ ಬಗ್ಗೆ ನಮ್ಮ ದೇಶದಲ್ಲಿ ಇನ್ನೂ ಭಯ ಉಳಿದಿದೆ. "ಅದು ಕ್ಯಾನ್ಸರ್ ಮಾತ್ರೆಯಂತೆ, ಸರ್ಕಾರ ಬ್ಯಾನ್ ಮಾಡಿತ್ತಂತೆ" ಅನ್ನುತ್ತಾರೆ. ಬ್ಯಾನ್ ಆಗಿದ್ದು ನಿಜ. 2011ರಲ್ಲಿ ಕೇಂದ್ರ ಸರ್ಕಾರ ಬಂಜೆತನದ ಚಿಕಿತ್ಸೆಗೆ ಇದರ ಬಳಕೆಯನ್ನು ನಿಲ್ಲಿಸಿತ್ತು. 2017ರಲ್ಲಿ ಆ ತಡೆಯನ್ನು ತೆಗೆದದ್ದೂ ಅಷ್ಟೇ ನಿಜ. ನಡುವೆ 2014ರಲ್ಲಿ ಅಮೆರಿಕದಲ್ಲಿ ಪಿಸಿಒಎಸ್ ಇರುವ 750 ಹೆಂಗಸರ ಮೇಲೆ ನಡೆದ ಅಧ್ಯಯನದ ಫಲಿತಾಂಶ ಬಂತು. ಐದು ಸೈಕಲ್, ಅಂದರೆ ಐದು ಮುಟ್ಟಿನ ಸುತ್ತಿನವರೆಗಿನ ಚಿಕಿತ್ಸೆಯಲ್ಲಿ ಲೆಟ್ರೋಜೋಲ್ ತೆಗೆದುಕೊಂಡವರಲ್ಲಿ 27.5% ಜನರಿಗೆ ಮಗು ಹುಟ್ಟಿತು, ಕ್ಲೋಮಿಫೀನ್ ತೆಗೆದುಕೊಂಡವರಲ್ಲಿ 19.1%. ಹುಟ್ಟು ದೋಷಗಳಲ್ಲಿ ಎರಡು ಗುಂಪಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಈಗ ಪಿಸಿಒಎಸ್‌ನ ಅಂತರರಾಷ್ಟ್ರೀಯ ಮಾರ್ಗಸೂಚಿ ಮೊದಲು ಲೆಟ್ರೋಜೋಲನ್ನೇ ಹೇಳುತ್ತದೆ. ಈ ಅಂಕಿಗಳಲ್ಲಿ ಇನ್ನೊಂದು ಮಾತೂ ಇದೆ: ಮೇಲಾದ ಮಾತ್ರೆಯಲ್ಲೂ ಐದು ಸೈಕಲ್ ಸೇರಿ ಮಗು ಆದದ್ದು ಮೂರರಲ್ಲಿ ಒಬ್ಬರಿಗಿಂತ ಕಡಿಮೆ. ಮೊದಲ ತಿಂಗಳೇ ಆಗಲಿಲ್ಲ ಎಂದರೆ ನಿಮ್ಮಲ್ಲಿ ಏನೋ ಕೆಟ್ಟಿದೆ ಎಂದು ಅರ್ಥವಲ್ಲ.

ಮಾತ್ರೆ ಕೊಟ್ಟು ಬರಿಸಿದ ಮುಟ್ಟು

ಮುಟ್ಟೇ ಬರುತ್ತಿಲ್ಲ ಅಂದಾಗ ಡಾಕ್ಟರು ಮೆಡ್ರಾಕ್ಸಿಪ್ರೊಜೆಸ್ಟರಾನ್ ಅಥವಾ ನಾರ್‌ಎಥಿಸ್ಟೆರೋನ್ ಮಾತ್ರೆಯನ್ನು 5ರಿಂದ 10 ದಿನ ಕೊಡುತ್ತಾರೆ. ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ಒಂದು ವಾರದೊಳಗೆ ಬ್ಲೀಡಿಂಗ್ ಆಗುತ್ತದೆ. ಹೊರಗಿನಿಂದ ಪ್ರೊಜೆಸ್ಟರಾನ್ ಗುಂಪಿನ ಔಷಧಿ ಕೊಟ್ಟು, ತೆಗೆದು, ಪದರವನ್ನು ಒಟ್ಟಿಗೆ ಕಳಚಿಸುವ ಉಪಾಯ ಇದು. ಇದು ಮೊಟ್ಟೆ ಬಿಡಿಸುವ ಮಾತ್ರೆ ಅಲ್ಲ. "ಮಾತ್ರೆ ತಗೊಂಡೆ, ಮುಟ್ಟು ಬಂತು, ಹಾರ್ಮೋನ್ ಸರಿ ಆಯ್ತು" ಎಂದು ಎಷ್ಟೋ ಜನ ನೆಮ್ಮದಿಪಡುತ್ತಾರೆ. ಆ ಮುಟ್ಟಿನಿಂದ ಮೊಟ್ಟೆಯ ವಿಷಯ ಏನೂ ಗೊತ್ತಾಗುವುದಿಲ್ಲ.

ಇದನ್ನು ಶುರು ಮಾಡುವ ಮುಂಚೆ ಗರ್ಭ ಪರೀಕ್ಷೆ ಆಗಿರಲೇಬೇಕು. ಮುಟ್ಟು ಏರುಪೇರಾಗಿರುವವರಿಗೆ ತಾನು ಗರ್ಭಿಣಿ ಎಂದು ಎರಡು ತಿಂಗಳಾದರೂ ಅನುಮಾನ ಬರದೇ ಇರಬಹುದು. ಮುಟ್ಟು ಬರಲಿ ಅಂತ ಎಳ್ಳು, ಪರಂಗಿ ಹಣ್ಣು ತಿನ್ನಿಸುವ ಮನೆಗಳಲ್ಲೂ ಇದೇ ಮಾತು ಅನ್ವಯ: ಮೊದಲು ಕಿಟ್ ನೋಡಿ.

ಸ್ಕ್ಯಾನಿಂಗ್ ಚೀಟಿಯಲ್ಲಿ ಏನು ಬರೆದಿರುತ್ತದೆ

ಮೊಟ್ಟೆಯ ವಿಷಯ ನಿಜವಾಗಿ ತಿಳಿಸುವುದು ಫಾಲಿಕ್ಯುಲರ್ ಸ್ಟಡಿ. ಮುಟ್ಟಿನ 9ರಿಂದ 12ನೇ ದಿನದ ಆಸುಪಾಸಿನಲ್ಲಿ ಶುರುವಾಗಿ, ಒಂದೆರಡು ದಿನಕ್ಕೊಮ್ಮೆ ಮಾಡುವ ಸ್ಕ್ಯಾನಿಂಗ್. ಚೀಟಿಯಲ್ಲಿ ದಿನದ ಎದುರಿಗೆ ಮೂರು ಕಾಲಂ ಇರುತ್ತವೆ: ಬಲ ಅಂಡಾಶಯ, ಎಡ ಅಂಡಾಶಯ, ಇಟಿ.

12ನೇ ದಿನದ ಎದುರು ಬಲಗಡೆ 15 x 14, ಎಡಗಡೆ "ಎಂಎಸ್ಎಫ್", ಇಟಿ 7.1 ಎಂದು ಇದೆ ಅನ್ನಿ. ಬಲ ಅಂಡಾಶಯದಲ್ಲಿ ಒಂದು ಚೀಲ 15 ಮಿ.ಮೀ. ಬೆಳೆದಿದೆ. ಎಡಗಡೆ ಸಣ್ಣ ಸಣ್ಣವು ಹಲವು ಇವೆ, ಯಾವುದೂ ಮುಂದೆ ಬಂದಿಲ್ಲ. ಗರ್ಭಕೋಶದ ಒಳಪದರ 7.1 ಮಿ.ಮೀ. ದಪ್ಪ ಇದೆ. ಬೆಳೆಯುವ ಚೀಲ ದಿನಕ್ಕೆ 1ರಿಂದ 2 ಮಿ.ಮೀ. ಹಿಗ್ಗುತ್ತದೆ. ಹಾಗಾಗಿ 14ನೇ ದಿನ ಅದೇ ಜಾಗದಲ್ಲಿ 19 x 18 ಕಾಣಬಹುದು. ಸಾಮಾನ್ಯವಾಗಿ 18 ದಾಟಿದ ಮೇಲೆ ಚೀಲ ಒಡೆಯುವ ಹಂತಕ್ಕೆ ಬಂತು ಎಂದು ಲೆಕ್ಕ. ಆಗ ಕೆಲವರಿಗೆ ಎಚ್‌ಸಿಜಿ ಇಂಜೆಕ್ಷನ್ ಕೊಡುತ್ತಾರೆ. ಅದಾಗಿ ಸುಮಾರು 36 ಗಂಟೆಗೆ ಚೀಲ ಒಡೆಯುತ್ತದೆ. ಗಂಡ ಹೆಂಡತಿ ಸೇರಬೇಕಾದ ದಿನಗಳನ್ನು, ಅಥವಾ ಐಯುಐ (ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಸೇರಿಸುವ ಚಿಕಿತ್ಸೆ) ಸಮಯವನ್ನು ಇದರ ಮೇಲೆಯೇ ಹೇಳುವುದು.

16ನೇ ದಿನದ ಸಾಲಿನಲ್ಲಿ "ರಪ್ಚರ್ಡ್" ಎಂದೋ, "ಪಿಒಡಿಯಲ್ಲಿ ಫ್ಲೂಯಿಡ್ ಇದೆ" ಎಂದೋ ಬರೆದಿದ್ದರೆ ಚೀಲ ಒಡೆದು, ಅದರೊಳಗಿನ ನೀರು ಗರ್ಭಕೋಶದ ಹಿಂದೆ ಸ್ವಲ್ಪ ಸೇರಿದೆ ಎಂದರ್ಥ. ಆ ನೀರನ್ನು ಕಂಡು ಹೆದರಬೇಕಿಲ್ಲ. ಅಪರೂಪಕ್ಕೆ ಚೀಲ 25, 28 ಎಂದು ಬೆಳೆಯುತ್ತಲೇ ಹೋಗಿ ಒಡೆಯದೇ ಉಳಿಯುತ್ತದೆ. ಆಮೇಲೆ ಮುಟ್ಟು ಸರಿಯಾದ ಸಮಯಕ್ಕೇ ಬರಬಹುದು, ಆದರೆ ಮೊಟ್ಟೆ ಹೊರಬಿದ್ದಿರುವುದಿಲ್ಲ.

ಪದೇ ಪದೇ ಸ್ಕ್ಯಾನಿಂಗ್‌ಗೆ ಪೇಟೆಗೆ ಹೋಗಿ ಬರಲಾಗದವರಿಗೆ ಇನ್ನೊಂದು ದಾರಿ ರಕ್ತದ ಪ್ರೊಜೆಸ್ಟರಾನ್ ಪರೀಕ್ಷೆ. ಮುಟ್ಟು ಬರುತ್ತದೆ ಎಂದುಕೊಂಡ ದಿನಕ್ಕಿಂತ 7 ದಿನ ಮುಂಚೆ ಇದನ್ನು ಮಾಡಿಸಬೇಕು. 28 ದಿನದವರಿಗೆ ಅದು 21ನೇ ದಿನ, 35 ದಿನದವರಿಗೆ 28ನೇ ದಿನ. 3 ನ್ಯಾನೊಗ್ರಾಂ ಮೀರಿದ್ದರೆ ಮೊಟ್ಟೆ ಬಿಡುಗಡೆ ಆಗಿದೆ ಎಂದು ತೆಗೆದುಕೊಳ್ಳುತ್ತಾರೆ. 35 ದಿನದವರು 21ನೇ ದಿನವೇ ಮಾಡಿಸಿ "ಕಡಿಮೆ ಇದೆ" ಎಂದು ಕಂಗಾಲಾಗುವುದುಂಟು. ಅಲ್ಲಿ ತಪ್ಪಿರುವುದು ದಿನ ಮಾತ್ರ.

ಯಾವ ದಿನದ ರಕ್ತ?

ರಕ್ತ ಕಂಡಾಗ ಕೇಳಬೇಕಾದ ಮೊದಲ ಪ್ರಶ್ನೆ ಅದು ಎಷ್ಟನೇ ದಿನ ಅನ್ನುವುದು. ದಿನ ಎಣಿಸುವುದರಲ್ಲೇ ಜಾಸ್ತಿ ಜನ ತಪ್ಪುತ್ತಾರೆ. ಪ್ಯಾಡ್ ಬೇಕಾಗುವಷ್ಟು ಕೆಂಪು ರಕ್ತ ಹೋದ ದಿನ 1ನೇ ದಿನ. ಅದಕ್ಕೆ ಮುಂಚಿನ ಕಂದು ಕಲೆ ಲೆಕ್ಕಕ್ಕಿಲ್ಲ. ತಲೆಗೆ ನೀರು ಹಾಕಿಕೊಂಡ ದಿನವೂ ಅಲ್ಲ.

ಮಾತ್ರೆ ಮುಗಿದ ಮೇಲೂ 8, 9ನೇ ದಿನದವರೆಗೆ ಎಳೆದುಕೊಂಡು ಬರುವ ಕಂದು ಕಲೆ ಹೆಚ್ಚಾಗಿ ಹಳೆಯ ಪದರದ ಉಳಿಕೆ. ಸ್ಕ್ಯಾನಿಂಗ್‌ನಲ್ಲಿ ಚೀಲ ಬೆಳೆಯುತ್ತಿದ್ದರೆ ಅದರಿಂದ ತೊಂದರೆ ಇಲ್ಲ. 13ರಿಂದ 18ನೇ ದಿನದ ನಡುವೆ ಒಂದೆರಡು ದಿನ ತಿಳಿಗೆಂಪು ಅಥವಾ ಕಂದು ಹನಿ ಕಂಡರೆ ಅದು ಮೊಟ್ಟೆ ಬಿಡುಗಡೆಯ ಹೊತ್ತಿನಲ್ಲಿ ಈಸ್ಟ್ರೋಜನ್ ಒಮ್ಮೆ ಇಳಿಯುವುದರಿಂದ ಇರಬಹುದು. ಎಲ್ಲರಿಗೂ ಹೀಗಾಗುವುದಿಲ್ಲ. ಇದನ್ನು ಕಂಡು ತಿಂಗಳು ಕೈತಪ್ಪಿತು ಎಂದು ಸುಮ್ಮನಾಗಬೇಡಿ. ಸೇರಬೇಕಾದ ದಿನಗಳು ಅವೇ ಆಗಿರಬಹುದು.

ಮೊಟ್ಟೆ ಬಿಡುಗಡೆ ಆಗಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಕಂಡು, ವಾರ ಹತ್ತು ದಿನದಲ್ಲಿ ಕಲೆ ಕಂಡರೆ? ಇದೇ ಅತ್ಯಂತ ಕಷ್ಟದ ಕಾಯುವಿಕೆ. ಗರ್ಭ ಪದರಕ್ಕೆ ಅಂಟುವಾಗ ಸ್ವಲ್ಪ ರಕ್ತ ಬರುತ್ತದೆ ಅನ್ನುವ ಮಾತನ್ನು ಎಲ್ಲರೂ ಕೇಳಿದ್ದಾರೆ. ಆ ಹೊತ್ತಿನ ಕಲೆ ಅದೂ ಇರಬಹುದು, ಪ್ರೊಜೆಸ್ಟರಾನ್ ಬೇಗ ಇಳಿದು ಮುಟ್ಟಿಗೆ ಮುನ್ಸೂಚನೆಯೂ ಇರಬಹುದು. ಕೆಲವರಿಗೆ ಡಾಕ್ಟರು ಯೋನಿಯಲ್ಲಿ ಇಡಲು ಕೊಡುವ ಪ್ರೊಜೆಸ್ಟರಾನ್ ಕ್ಯಾಪ್ಸೂಲಿನಿಂದ ಆದ ತರಚು ಕೂಡ ಇರಬಹುದು. ಬಣ್ಣ ನೋಡಿ, ದಪ್ಪ ನೋಡಿ ಇದೇ ಎಂದು ಹೇಳಲು ಯಾರಿಗೂ ಆಗದು. ಗರ್ಭ ಪರೀಕ್ಷೆ ಒಂದೇ ದಾರಿ. ಕಲೆ ಕಂಡಿತು ಎಂದು ಪ್ರೊಜೆಸ್ಟರಾನನ್ನು ನೀವಾಗಿಯೇ ನಿಲ್ಲಿಸಬೇಡಿ. ಇನ್ನೊಂದು ವಿಷಯ, ಅದನ್ನು ಇಡುತ್ತಿರುವವರೆಗೆ ಗರ್ಭ ನಿಲ್ಲದಿದ್ದರೂ ಮುಟ್ಟು ಮುಂದೆ ಹೋಗಬಹುದು. ಮುಟ್ಟು ತಡವಾಯಿತು ಎಂಬುದೊಂದನ್ನೇ ನಂಬಿ ಸಿಹಿ ಹಂಚುವಂತಿಲ್ಲ.

ಮುಟ್ಟಿನ ದಿನಕ್ಕೇ ರಕ್ತ ಬಂತು, ಆದರೆ ಯಾವತ್ತಿನ ಹಾಗಿಲ್ಲ, ತುಂಬಾ ಕಡಿಮೆ, ಒಂದೂವರೆ ದಿನಕ್ಕೇ ನಿಂತಿತು. ಆಗಲೂ ಕಿಟ್ ಹಾಕಿ ನೋಡಿ. ಗರ್ಭಿಣಿಯರಲ್ಲಿ ಮೊದಲ ಮೂರು ತಿಂಗಳಲ್ಲಿ ಒಂದಷ್ಟು ರಕ್ತ ಕಾಣುವುದು ಸಾಮಾನ್ಯವೇ. ಅದನ್ನು ಮುಟ್ಟು ಎಂದುಕೊಂಡು ಮುಂದಿನ ಸೈಕಲ್ಲಿನ ಲೆಟ್ರೋಜೋಲ್ ಶುರು ಮಾಡಿಬಿಡುವ ಅಪಾಯ ಇರುತ್ತದೆ. ಈ ಮಾತ್ರೆಗಳು ಗರ್ಭಿಣಿಗೆ ಅಲ್ಲ.

ಮನೆಯ ಕಿಟ್‌ಗಳು ಎಲ್ಲಿ ದಾರಿ ತಪ್ಪಿಸುತ್ತವೆ

ಮೆಡಿಕಲ್ ಶಾಪಿನಲ್ಲಿ ಸಿಗುವ ಓವ್ಯುಲೇಷನ್ ಕಿಟ್ ಮೂತ್ರದಲ್ಲಿ ಎಲ್‌ಎಚ್ ಉಕ್ಕಿದೆಯೇ ಎಂದು ನೋಡುತ್ತದೆ. ಮೊಟ್ಟೆ ಹೊರಬಿತ್ತೇ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಪಿಸಿಒಎಸ್ ಇರುವವರಲ್ಲಿ ಎಲ್‌ಎಚ್ ಮೊದಲೇ ಹೆಚ್ಚಿರುವುದರಿಂದ ದಿನಾ ಗೆರೆ ಬರುವುದುಂಟು. ಕ್ಲೋಮಿಫೀನ್ ಮುಗಿದ ಕೂಡಲೇ ನೋಡಿದರೂ ಸುಳ್ಳು ಗೆರೆ ಬರಬಹುದು, ಮೂರು ದಿನವಾದರೂ ಬಿಟ್ಟು ಶುರು ಮಾಡಬೇಕು.

ಗರ್ಭದ ಕಿಟ್ ಹುಡುಕುವುದು ಎಚ್‌ಸಿಜಿ ಹಾರ್ಮೋನನ್ನು. ಚೀಲ ಒಡೆಯಲು ಕೊಟ್ಟ ಇಂಜೆಕ್ಷನ್ನಿನಲ್ಲಿ ಇರುವುದೂ ಅದೇ. ಅದು ಮೈಯಿಂದ ಹೋಗಲು 10ರಿಂದ 14 ದಿನ ಬೇಕು. ಇಂಜೆಕ್ಷನ್ ಆಗಿ ವಾರಕ್ಕೇ ಎರಡು ಗೆರೆ ಕಂಡು ತವರಿಗೆ ಫೋನು ಮಾಡಿ, ಆಮೇಲೆ ಮುಟ್ಟಾದಾಗ ಪಡುವ ಸಂಕಟ ಸಣ್ಣದಲ್ಲ. ಇಂಜೆಕ್ಷನ್ ಆದ 2 ವಾರ ಕಳೆಯಲಿ, ಆಮೇಲೆ ನೋಡಿ.

ಕಾಯದೆ ಆಸ್ಪತ್ರೆಗೆ ಹೋಗಬೇಕಾದಾಗ

ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆದು ಎರಡು ಗಂಟೆಯಾದರೂ ಹಾಗೇ ಮುಂದುವರಿದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ. ಗರ್ಭದ ಕಿಟ್‌ನಲ್ಲಿ ಎರಡು ಗೆರೆ ಬಂದು, ಜೊತೆಗೆ ಒಂದು ಬದಿ ಹೊಟ್ಟೆ ನೋವು, ಹೆಗಲ ತುದಿಯಲ್ಲಿ ನೋವು, ತಲೆಸುತ್ತು ಇದ್ದರೆ ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲಿ (ಅಂಡಾಶಯದಿಂದ ಗರ್ಭಕೋಶಕ್ಕೆ ಮೊಟ್ಟೆ ಸಾಗುವ ಕೊಳವೆ) ನಿಂತಿರಬಹುದು. ಅದು ಒಡೆದರೆ ಜೀವಕ್ಕೆ ಅಪಾಯ. ರಾತ್ರಿಯಾದರೂ ಸರಿ, ಸ್ಕ್ಯಾನಿಂಗ್ ಇರುವ ಆಸ್ಪತ್ರೆಗೆ ಹೋಗಿ. ಹೊಟ್ಟೆ ಬೇಗ ಬೇಗ ಉಬ್ಬುವುದು, ವಾಂತಿ, ಮೂತ್ರ ಕಡಿಮೆಯಾಗುವುದು ಇದ್ದರೆ ಅಂಡಾಶಯ ಅತಿಯಾಗಿ ಊದಿಕೊಂಡಿರಬಹುದು. ಮಾತ್ರೆಗಳಿಂದ ಇದು ಅಪರೂಪ, ಇಂಜೆಕ್ಷನ್ ಚಿಕಿತ್ಸೆಯಲ್ಲಿ ಜಾಸ್ತಿ. ಕ್ಲೋಮಿಫೀನ್ ನುಂಗುವಾಗ ಕಣ್ಣು ಮಂಜಾದರೆ, ಮಿಂಚಿದಂತೆ ಕಂಡರೆ ಮಾತ್ರೆ ನಿಲ್ಲಿಸಿ ಡಾಕ್ಟರಿಗೆ ಹೇಳಿ.

ಎಷ್ಟು ತಿಂಗಳು ನೋಡುವುದು

ಮೊಟ್ಟೆ ಬೆಳೆಯದಿದ್ದರೆ ಮುಂದಿನ ಸೈಕಲ್‌ನಲ್ಲಿ ಡೋಸ್ ಏರಿಸುತ್ತಾರೆ: ಲೆಟ್ರೋಜೋಲ್ 2.5 ಮಿ.ಗ್ರಾಂ.ನಿಂದ 5, 7.5ಕ್ಕೆ, ಕ್ಲೋಮಿಫೀನ್ 50ರಿಂದ 100, 150ಕ್ಕೆ. ಪಕ್ಕದ ಮನೆಯವರ ಹಳೇ ಚೀಟಿ ತೋರಿಸಿ ಮೆಡಿಕಲ್‌ನಲ್ಲಿ ತಂದು ನುಂಗುವ ಔಷಧಿ ಇದಲ್ಲ. ಎರಡು ಮೂರು ಚೀಲ ಒಟ್ಟಿಗೆ ಬಲಿತರೆ ಅವಳಿ ಆಗುವ ಸಾಧ್ಯತೆ ಏರುತ್ತದೆ, ಅದನ್ನು ನೋಡುವುದಕ್ಕೂ ಸ್ಕ್ಯಾನಿಂಗ್ ಬೇಕು. ತೂಕ ಹೆಚ್ಚಿರುವ ಪಿಸಿಒಎಸ್‌ನವರಲ್ಲಿ ಇರುವ ತೂಕದ 5ರಿಂದ 10% ಇಳಿದರೂ ಮೊಟ್ಟೆ ತಾನಾಗಿ ಬಿಡುಗಡೆ ಆಗಲು ನೆರವಾಗುತ್ತದೆ.

ಮೊಟ್ಟೆ ತಿಂಗಳು ತಿಂಗಳೂ ಸರಿಯಾಗಿ ಬಿಡುಗಡೆ ಆಗುತ್ತಿದ್ದು 6 ಸೈಕಲ್‌ನಲ್ಲೂ ಗರ್ಭ ನಿಲ್ಲದಿದ್ದರೆ ಅದೇ ಮಾತ್ರೆ ಮುಂದುವರಿಸುವುದರಲ್ಲಿ ಲಾಭ ಕಡಿಮೆ. ಅಂಡನಾಳಗಳು ತೆರೆದಿವೆಯೇ ಎಂದು ನೋಡುವ ಪರೀಕ್ಷೆಯೋ, ಬೇರೆ ಚಿಕಿತ್ಸೆಯೋ ಎಂದು ಕುಳಿತು ಮಾತಾಡಬೇಕು. ವಯಸ್ಸು 35 ದಾಟಿದವರು ಅಷ್ಟು ಕಾಲವೂ ಕಾಯಬಾರದು. ಮತ್ತೆ, ಹೆಂಡತಿ ತಿಂಗಳಿಗೆ ನಾಲ್ಕು ಸ್ಕ್ಯಾನಿಂಗ್ ಮಾಡಿಸಿಕೊಳ್ಳುತ್ತಿರುವ ಎಷ್ಟೋ ಮನೆಗಳಲ್ಲಿ ಗಂಡನ ವೀರ್ಯ ಪರೀಕ್ಷೆ ಒಮ್ಮೆಯೂ ಆಗಿರುವುದಿಲ್ಲ. ಗರ್ಭ ನಿಲ್ಲದಿರಲು ಗಂಡಸಿನ ಕಡೆಯ ಕಾರಣವೂ ಎಷ್ಟೋ ದಂಪತಿಗಳಲ್ಲಿ ಇರುತ್ತದೆ. ವೀರ್ಯ ಪರೀಕ್ಷೆಗೆ ಸೂಜಿ ಇಲ್ಲ, ನೋವಿಲ್ಲ. 2ರಿಂದ 7 ದಿನ ವೀರ್ಯ ಹೊರಹೋಗದಂತೆ ದೂರವಿದ್ದು, ಲ್ಯಾಬಿನಲ್ಲಿ ಮಾದರಿ ಕೊಟ್ಟರೆ ಸಾಕು. ಆ ರಿಪೋರ್ಟ್ ಇನ್ನೂ ಕೈಯಲ್ಲಿಲ್ಲ ಎಂದರೆ, ಮುಂದಿನ 2ನೇ ದಿನದ ಮಾತ್ರೆ ಶುರುವಾಗುವ ಮೊದಲು ಅದನ್ನು ಮಾಡಿಸಿ.